ಷರಾ

ಪಾಂಡವಪುರದ ಆಚೆ, ನಾಲೆ ಪಕ್ಕದ ಶಾಲೆ.
ಉದ್ದ ಹಾಳೆಯ ಆ ಪುಸ್ತಕಕ್ಕೆ ಖಾಕಿ ರಟ್ಟು,
ಅಂಚಿನಲ್ಲಿ ಅರಿಶಿನದ ಹೆಬ್ಬೆರಳ ಗುರುತು.
ತಾರೀಖು, ಅಡುಗೆ, ಉಂಡ ಮಕ್ಕಳ ಸಂಖ್ಯೆ,
ರುಚಿ ನೋಡಿದವರ ಸಹಿ,
ಕೊನೆಗೆ ಕಿಂಡಿಯಷ್ಟು ಸಣ್ಣ ಕಾಲಮ್ಮು: ಷರಾ.

ಹನ್ನೊಂದು ವರ್ಷ ನಾನದರಲ್ಲಿ ಬರೆದದ್ದು ಒಂದೇ ಪದ.
ಸಾರಿನೊಳಗೆ ಸೂರಿನ ತೊಲೆ ಕಂಡ ದಿನ
ಚೆನ್ನಾಗಿದೆ.
ಅನ್ನದಲ್ಲಿ ಹುಳ ಬೆಂದ ದಿನವೂ
ಚೆನ್ನಾಗಿದೆ.
ಆಮೇಲಾಮೇಲೆ ಅದೂ ಇಲ್ಲ, ಮೇಲಿನ ಸಾಲು ನೋಡಿ
ಸದರಿ, ಸದರಿ, ಸದರಿ.

ಆಷಾಢದ ಒಂದು ಗುರುವಾರ ನನಗೆ ನೆಗಡಿ.
ಮೂಗು ಕಟ್ಟಿ, ನಾಲಿಗೆ ಹಲಗೆ.
ಚಿಕ್ಕತಾಯಮ್ಮ ಸೌಟಿನ ತುದಿಯಲ್ಲಿ ತಂದದ್ದನ್ನು
ಅಂಗೈಗೆ ಹಾಕಿಸಿಕೊಂಡು ನೆಕ್ಕಿದೆ.
ಬಿಸಿ ಎಂಬುದಷ್ಟೇ ತಿಳಿಯಿತು.
ಸಹಿ ಹಾಕಿದೆ.

ಅರವತ್ತೆರಡು ತಟ್ಟೆ. ಯಾರೂ ಮಾತಾಡಲಿಲ್ಲ.
ನಲ್ಲಿಯ ಬುಡದಲ್ಲಿ ಅನ್ನ ಗುಡ್ಡೆಯಾಯಿತು,
ಕಾಗೆಗಳೂ ಒಂದೊಂದು ಕುಕ್ಕಿ ಹಾರಿದವು.
ಮೂರನೇ ಕ್ಲಾಸಿನ ನಿಶ್ಚಲ್ ಮಾತ್ರ
ಅಡುಗೆಮನೆ ಬಾಗಿಲಲ್ಲಿ ಅಂಗೈ ಒಡ್ಡಿ ನಿಂತಿದ್ದ:
"ಒಸಿ ಉಪ್ಪು ಕೊಡಜ್ಜಿ.
ಮೇಡಂಗೆ ಹೇಳ್ಬೇಡ, ಅವ್ರು
ಚೆನ್ನಾಗದೆ ಅಂತ ಬರ್ದ್‌ಬುಟ್ಟವ್ರೆ."

ನೆಗಡಿ ಮೂರು ದಿನಕ್ಕೆ ಬಿಟ್ಟಿತು.
ಆ ಮಾತು ಬಿಡಲಿಲ್ಲ.

ಸೋಮವಾರ ಪುಸ್ತಕಕ್ಕೊಂದು ದಾರ, ದಾರಕ್ಕೊಂದು ಪೆನ್ಸಿಲ್ ಕಟ್ಟಿ
ಊಟದ ಸಾಲಿನ ಕೊನೆಗೆ ಇಟ್ಟೆ.
ಷರಾ ಇನ್ನು ನೀವೇ ಬರೀರಿ, ಅಂದೆ.
ಮೊದಲ ವಾರ ಪುಟದ ತುಂಬ ಚೆನ್ನಾಗಿದೆ, ಚೆನ್ನಾಗಿದೆ;
ಕಾಪಿ ಹೊಡೆಯುವುದನ್ನು ಕಲಿಸಿದವಳು ನಾನೇ ಅಲ್ಲವೆ.
ಆಮೇಲೆ ಒತ್ತು ಬಿಟ್ಟುಹೋದ ಒಂದು ಸಾಲು:
"ಬೇಳೆ ಹುಡುಕಿದೆ. ಸಿಕಲಿಲ. ನಾಳೆ ಹುಡುಕುತೇನೆ."
ಅದರ ಕೆಳಗೆ, "ಬೀನ್ಸಲ್ಲಿ ನಾರು. ನನ್ನ ಹಲ್ಲು ಬಿದ್ದದೆ."
"ಮೊಟ್ಟೆ ತಣ್ಗಿತ್ತು, ಜೇಬಲ್ಲಿ ಮಡಿಕ್ಕಂಡು ಬಿಸಿ ಮಾಡ್ದೆ."
ನಾಲ್ಕನೇ ಕ್ಲಾಸಿನ ಮೇಘಶ್ರೀ ಗೆರೆ ದಾಟಿ
ಸಹಿಯ ಜಾಗಕ್ಕೂ ನುಗ್ಗಿ ಬರೆದಳು:
"ನಮ್ಮವ್ವ ಕತ್ಲಲ್ಲೆ ಆಲೆಮನೆಗೆ ಹೋಯ್ತದೆ.
ನಂಗೆ ಇದೇ ಮೊದ್ಲ ಊಟ.
ಬೆಲ್ಲು ಬೇಗ ಹೊಡೀರಿ."

ಚಿಕ್ಕತಾಯಮ್ಮನಿಗೆ ಓದು ಬಾರದು.
ಕೊಪ್ಪರಿಗೆ ತಿಕ್ಕಿ, ಸೆರಗಿಗೆ ಕೈ ಒರೆಸಿ ಕುಂತು
"ಇವತ್ತೇನು ಬೈದವ್ರೆ, ಓದಿ" ಅಂದಳು.
ಓದಿದೆ. ಬೇಳೆಯ ಸಾಲಿಗೆ ಬಂದಾಗ ದನಿ ಇಳಿಸಿದೆ.
ಅವಳು ಆರಿದ ಒಲೆಯನ್ನೇ ನೋಡುತ್ತ:
"ಕೊಟ್ಟ ಬೇಳೆ ಬೇಯ್ಸಿವ್ನಿ ಮೇಡಂ.
ಕೊಡದ ಬೇಳೆ ಹೆಂಗ್ ಬೇಯ್ಸ್ಲಿ?"

ಅಂದೇ ಮೊದಲು ಉಗ್ರಾಣದ ತಕ್ಕಡಿಯ ಧೂಳು ಒರೆಸಿ
ಮೂಟೆ ತೂಗಿದೆ.
ಚೀಟಿಯಲ್ಲಿದ್ದದ್ದು ಒಂದು, ಮುಳ್ಳು ನಿಂತದ್ದು ಇನ್ನೊಂದು.
ಆ ಜಗಳ ಮುಗಿದಿಲ್ಲ. ನನ್ನ ಕಾಗದ
ಮಂಡ್ಯದ ಯಾವುದೋ ಮೇಜಿನ ಮೇಲೆ, ಯಾವುದೋ ಫೈಲಿನ ಅಡಿ.

ಈ ನಡುವೆ ಬೇಲಿಯ ನುಗ್ಗೆ ಬೋಳಾಗಿದೆ,
ನಾಲೆ ಏರಿಯ ಹೊನಗೊನೆ ಬಸ್ಸಾರಿಗೆ ಇಳಿದಿದೆ.
ಹುರುಳಿಕಟ್ಟು ಕುದಿಯುವ ಹೊತ್ತಿಗೆ
ಎರಡನೇ ಕ್ಲಾಸು ದಶಕ ಒಯ್ಯುವುದನ್ನು ಮರೆಯುತ್ತದೆ.
ಬೆಲ್ಲು ಕಾಲು ಗಂಟೆ ಮುಂಚೆ.

ತಾಲ್ಲೂಕಿನಿಂದ ಬಂದ ಸಾಹೇಬರು ಪುಟ ತಿರುವಿ
"ಸರ್ಕಾರದ ಪುಸ್ತಕದಲ್ಲಿ ಇದೇನಮ್ಮ ಗೀಚು?" ಅಂದರು.
ನಿಂತು ಓದುತ್ತಿದ್ದವರು ಕುಂತು ಓದಿದರು.
ಏನೂ ಬರೆಯದೆ ಹೋದರು.
ಒಳ್ಳೆಯದೋ ಕೆಟ್ಟದ್ದೋ, ಇನ್ನೂ ಗೊತ್ತಿಲ್ಲ.

ನಿನ್ನೆಯ ಷರಾ ನಿಶ್ಚಲನದು:
"ಇವತ್ತು ಉಪ್ಪು ಒಸಿ ಜಾಸ್ತಿ."
ಅದರ ಕೆಳಗೆ, ಹನ್ನೊಂದು ವರ್ಷದ ಮೇಲೆ,
"ಹೌದು, ನನಗೂ ಹಾಗೇ ಅನ್ನಿಸಿತು" ಎಂದು ಬರೆದು
ಸಹಿ ಹಾಕಿದೆ.